ಗಂಡಸರು ಕೂದಲು ಬಿಟ್ಟರೆ ಧರ್ಮಕ್ಕೆ ವಿರುದ್ಧವೇ?

ಪ್ರಶ್ನೆ: ನನಗೆ 27 ವರ್ಷ. ಊರು ತಿಪಟೂರಿನ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಎರಡೂವರೆ ವರ್ಷದಿಂದ ಕೂದಲು ಬೆಳೆಸಿದ್ದೇನೆ, ಈಗ ಭುಜ ದಾಟಿದೆ. ಮುಂದಿನ ತಿಂಗಳು ತಂಗಿಯ ಮದುವೆ. "ಗಂಡಸರು ಕೂದಲು ಬಿಡೋದು ನಮ್ಮ ಧರ್ಮದಲ್ಲೇ ಇಲ್ಲ. ಧಾರೆ ಹೊತ್ತಿಗೆ ಕತ್ತರಿಸಿಕೊಂಡು ಬಾ" ಎಂದು ದೊಡ್ಡಪ್ಪ ಹಟ ಹಿಡಿದಿದ್ದಾರೆ. ಅಜ್ಜಿ ನನ್ನನ್ನು ನೋಡಿದಾಗಲೆಲ್ಲ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಾರೆ. "ಶಿವನಿಗೆ ಜಟೆ ಇಲ್ವಾ" ಅಂದ್ರೆ "ನೀನೇನು ಶಿವನಾ" ಅಂತಾರೆ. ನಿಜಕ್ಕೂ ಇದು ಧರ್ಮಕ್ಕೆ ವಿರುದ್ಧವೇ? ಮೊದಲಿನಿಂದಲೂ ಹೀಗೇ ಇತ್ತಾ?

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ನನಗೆ ನಮ್ಮ ತಂದೆಯವರ ನೆನಪಾಯಿತು. ಅವರೂ ಮನೆಯಲ್ಲಿ ಇದೇ ಮಾತು ಕೇಳಿದ್ದರು. "ಧರ್ಮ ಬಿಟ್ಟವನು" ಅಂತಲೇ ಬೈಸಿಕೊಂಡಿದ್ದರು. ಆದರೆ ಅವರು ಕೂದಲು ಬಿಟ್ಟಿರಲಿಲ್ಲ. ಕತ್ತರಿಸಿಕೊಂಡಿದ್ದರು.

1938ರ ಮಾತು. ತಂದೆ ಹಳ್ಳಿಯಿಂದ ಹಾಸನಕ್ಕೆ ಹೈಸ್ಕೂಲು ಓದಲು ಹೋದರು. ತರಗತಿಯಲ್ಲಿ ಜುಟ್ಟು ಇದ್ದವರು ಇವರೂ ಇನ್ನೊಬ್ಬರೂ ಮಾತ್ರ. ಹಿಂದಿನ ಬೆಂಚಿನವರು ಜುಟ್ಟು ಎಳೆಯುತ್ತಿದ್ದರು. ದಸರಾ ರಜೆಗೆ ಊರಿಗೆ ಬಂದಾಗ ತಲೆಯಲ್ಲಿ ಕ್ರಾಪು ಇತ್ತು. ತಾತ ಎಂಟು ದಿನ ಮಾತಾಡಲಿಲ್ಲ. ಪಂಕ್ತಿಯಲ್ಲಿ ಕೂರಿಸಲಿಲ್ಲ. ಅಜ್ಜಿ ಹಿತ್ತಲ ಬಾಗಿಲ ಹತ್ತಿರ ಎಲೆ ಹಾಕಿ ಬಡಿಸುತ್ತಿದ್ದರಂತೆ. ತಾತನಿಗೆ ಇದ್ದದ್ದು ಸಿಟ್ಟಿಗಿಂತ ಜಾಸ್ತಿ ಭಯ. ಶಿಖೆ ಇಲ್ಲದ ಮಗ ನಾಳೆ ಶ್ರಾದ್ಧ ಮಾಡಿದರೆ ಪಿಂಡ ಪಿತೃಗಳಿಗೆ ಮುಟ್ಟುತ್ತದಾ ಅನ್ನೋ ಭಯ.

ತಾತನ ಜುಟ್ಟನ್ನು ನಾನು ಚಿಕ್ಕವನಿದ್ದಾಗ ಕಣ್ಣಾರೆ ಕಂಡಿದ್ದೇನೆ. ತಲೆಯ ಮುಂಭಾಗ ಬೋಳಿಸಿರುತ್ತಿತ್ತು, ಹಿಂದೆ ಬೆನ್ನಿನ ಅರ್ಧದವರೆಗೆ ಕೂದಲು. ಸ್ನಾನ ಮಾಡಿ ಬಂದು ಜಗಲಿಯ ಮೇಲೆ ನಿಂತು ಒಮ್ಮೆ ಜೋರಾಗಿ ಒದರುತ್ತಿದ್ದರು. ನೀರಿನ ಹನಿ ನಮ್ಮ ಮುಖಕ್ಕೆ ಸಿಡಿಯುತ್ತಿತ್ತು. ಆಮೇಲೆ ಅಂಗೈಗೆ ಹರಳೆಣ್ಣೆ ಹಾಕಿಕೊಂಡು ಸವರಿ, ಎರಡು ಸುತ್ತು ತಿರುಚಿ, ತುದಿಯನ್ನು ಬೆರಳಿನಿಂದ ಒಳಗೆ ತೂರಿಸಿ ಎಳೆದರೆ ಗಂಟು ಬಿಗಿಯುತ್ತಿತ್ತು. ಕನ್ನಡಿ ಬೇಕಿರಲಿಲ್ಲ. ಆಮೇಲೆಯೇ ಆಚಮನ, ಸಂಧ್ಯಾವಂದನೆ.

ನಿಮ್ಮ ದೊಡ್ಡಪ್ಪ "ಮೊದಲಿನಿಂದ ಇರುವ ಪದ್ಧತಿ" ಅನ್ನುತ್ತಿರುವ ಗಿಡ್ಡ ಕೂದಲು ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಬಂದು ನೂರು ವರ್ಷ ಆಗಿದ್ದರೆ ಹೆಚ್ಚು. ಬಂದಾಗ ಅದನ್ನೇ ಧರ್ಮವಿರೋಧ ಎಂದು ಕರೆದರು. ನಿಮ್ಮ ಮನೆಯ ಹಳೇ ಫೋಟೋಗಳನ್ನು ಒಮ್ಮೆ ತೆಗೆದು ನೋಡಿ. ಪೇಟ, ಟೋಪಿಗಳ ಹಿಂದೆ ಏನಿದೆ ಅಂತ ಗಮನಿಸಿ. ನಮ್ಮ ಗಾದೆಯೇ ಇದೆಯಲ್ಲ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ. ಜುಟ್ಟಿಗೆ ಹೂ ಮುಡಿಯುವ ಗಂಡಸು ಕಣ್ಣೆದುರು ಓಡಾಡಿಕೊಂಡಿದ್ದಾಗ ಹುಟ್ಟಿದ ಮಾತಿರಬೇಕು ಅದು.

ಇನ್ನು ಶಾಸ್ತ್ರದ ಮಾತು. ದೊಡ್ಡಪ್ಪನ ಮಾತಿಗೆ ಆಧಾರವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮನುಸ್ಮೃತಿಯ 4ನೇ ಅಧ್ಯಾಯ ಓದು ಮುಗಿಸಿ ಗೃಹಸ್ಥನಾಗುವವನು ಕೂದಲು, ಉಗುರು, ಗಡ್ಡವನ್ನು ಕತ್ತರಿಸಿ ಒಪ್ಪವಾಗಿ ಇಟ್ಟುಕೊಳ್ಳಬೇಕು ಎನ್ನುತ್ತದೆ. ಅದೇ ಪುಸ್ತಕದ 2ನೇ ಅಧ್ಯಾಯ ಬ್ರಹ್ಮಚಾರಿಗೆ ಮೂರು ದಾರಿ ಕೊಡುತ್ತದೆ: ಪೂರ್ತಿ ಬೋಳಿಸಬಹುದು, ಜಟೆ ಬಿಡಬಹುದು, ಇಲ್ಲವೇ ಶಿಖೆಯನ್ನು ಮಾತ್ರ ಜಟೆ ಮಾಡಿಕೊಳ್ಳಬಹುದು. 6ನೇ ಅಧ್ಯಾಯದಲ್ಲಿ ಕಾಡಿಗೆ ಹೋದ ವಾನಪ್ರಸ್ಥ ಜಟೆ, ಗಡ್ಡ, ಉಗುರು ಎಲ್ಲವನ್ನೂ ಬಿಡಬೇಕು. ಅಂದರೆ ಒಬ್ಬನೇ ಮನುಷ್ಯ ಒಂದು ಜನ್ಮದಲ್ಲಿ ಉದ್ದ, ಗಿಡ್ಡ, ಬೋಳು ಎಲ್ಲವನ್ನೂ ಹಾದು ಹೋಗುತ್ತಿದ್ದ. "ನನಗಿನ್ನೂ ಮದುವೆ ಆಗಿಲ್ಲ, ನಾನು ಬ್ರಹ್ಮಚಾರಿ" ಎಂದು ಇದನ್ನು ದೊಡ್ಡಪ್ಪನ ಮುಂದೆ ವಾದಕ್ಕೆ ಬಳಸಬೇಡಿ. ಅಲ್ಲಿ ಹೇಳಿರುವುದು ಗುರುಕುಲದ ವ್ರತದಲ್ಲಿ ಇರುವವನ ವಿಷಯ. ಹಾಗೆಯೇ, ಶಿಖೆಯೂ ಇಲ್ಲದ ಇವತ್ತಿನ ಕಟಿಂಗ್ ಅನ್ನೂ ಆ ಶಾಸ್ತ್ರ ಒಪ್ಪುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಋಗ್ವೇದದ 10ನೇ ಮಂಡಲದಲ್ಲಿ 136ನೇ ಸೂಕ್ತ ಇದೆ. ಅದು ಕೇಶಿಯನ್ನು, ಅಂದರೆ ಉದ್ದ ಕೂದಲಿನ ಮುನಿಯನ್ನು ಹಾಡಿ ಹೊಗಳುತ್ತದೆ. 7ನೇ ಮಂಡಲದಲ್ಲಿ ವಸಿಷ್ಠರು ತಲೆಯ ಬಲಗಡೆ ಜಡೆ ಕಟ್ಟುವವರು ಎಂದು ಬರುತ್ತದೆ. ಆಮೇಲಿನ ಗ್ರಂಥಗಳಲ್ಲಿ ಗೋತ್ರಕ್ಕೊಂದು ಪದ್ಧತಿ ಕಾಣುತ್ತದೆ: ಅಂಗಿರಸರಿಗೆ ಐದು ಜುಟ್ಟು, ಭೃಗುಗಳಿಗೆ ಬೋಳು. ತಲೆ ನೋಡಿಯೇ ಯಾವ ವಂಶ ಎಂದು ಗುರುತು ಹಿಡಿಯಬಹುದಿತ್ತು. ಚಿದಂಬರದ ದೀಕ್ಷಿತರು ಇವತ್ತಿಗೂ ತಲೆಯ ಮುಂದೆ ಒಂದು ಪಕ್ಕಕ್ಕೆ ಗಂಟು ಹಾಕುತ್ತಾರೆ. ಯತಿಗಳಲ್ಲೂ ಹಾಗೆಯೇ. ಶ್ರೀವೈಷ್ಣವ ಯತಿಗಳು ಶಿಖೆ ಉಳಿಸಿಕೊಳ್ಳುತ್ತಾರೆ, ಶಂಕರರ ಪರಂಪರೆಯವರು ಅದನ್ನೂ ತೆಗೆಸುತ್ತಾರೆ.

ಪುಸ್ತಕ ಬೇಡ, ಕಲ್ಲು ನೋಡಿ. ನಿಮ್ಮ ಊರಿನ ಸುತ್ತಮುತ್ತ ಎಲ್ಲಾದರೂ ವೀರಗಲ್ಲು ಇದ್ದೇ ಇರುತ್ತದೆ. ಹಸುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತ ವೀರ ಬಿಲ್ಲು ಹಿಡಿದು ನಿಂತಿರುತ್ತಾನೆ. ಅವನ ತಲೆಯ ಹಿಂದೆಯೋ ಪಕ್ಕದಲ್ಲೋ ಗುಂಡಗೆ ತುರುಬು ಕಾಣುತ್ತದೆ. ಹೆಂಗಸಿನ ತುರುಬಿನಷ್ಟೇ ದಪ್ಪ. ಊರಿಗಾಗಿ ಪ್ರಾಣ ಕೊಟ್ಟವನಿಗೆ ಅದು ಹೆಣ್ಣಿಗತನ ಅಂತ ಯಾರೂ ಅಂದಂತಿಲ್ಲ. ಬಾದಾಮಿಗೆ ಹೋದರೆ 4ನೇ ಗುಹೆಯ ಬಾಹುಬಲಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕೂದಲ ಎಳೆಗಳು ಭುಜಕ್ಕೆ ಇಳಿದಿವೆ. ಸುಮಾರು 981ರಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ಅದೇ ಬಾಹುಬಲಿಯನ್ನು 58 ಅಡಿ ಎತ್ತರಕ್ಕೆ ಕಡೆದಾಗ ತಲೆ ತುಂಬ ಪುಟ್ಟ ಪುಟ್ಟ ಗುಂಗುರು ಬಂತು. ಒಂದೇ ಮಹಾಪುರುಷ, ಒಂದೇ ನಾಡು, ಕೂದಲು ಮಾತ್ರ ಬೇರೆ. ಜೈನ ಮುನಿಗಳಂತೂ ಎರಡು ನಾಲ್ಕು ತಿಂಗಳಿಗೊಮ್ಮೆ ತಮ್ಮ ಕೂದಲನ್ನು ತಾವೇ ಕೈಯಿಂದ ಕೀಳುತ್ತಾರೆ. ಕೇಶಲೋಚ ಅನ್ನುತ್ತಾರೆ. ನಾನು ಒಮ್ಮೆ ನೋಡಿದ್ದೇನೆ. ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದೇ ಗುಚ್ಛ ಕೀಳುತ್ತಿದ್ದರೆ ಸುತ್ತ ಕೂತ ಜನ ಅಳುತ್ತಿದ್ದರು, ಮುನಿಗಳ ಮುಖದಲ್ಲಿ ಮಾತ್ರ ಏನೂ ಇರಲಿಲ್ಲ.

ಇಷ್ಟೆಲ್ಲ ಏಕೆ ಹೇಳಿದೆ ಅಂದರೆ, ನಮ್ಮಲ್ಲಿ ಕೂದಲಿನ ಉದ್ದ ಯಾವತ್ತೂ ಮುಖ್ಯ ಆಗಿರಲಿಲ್ಲ. ಯಾರ ಸಲುವಾಗಿ ಬಿಟ್ಟೆ, ಯಾರ ಸಲುವಾಗಿ ತೆಗೆಸಿದೆ ಅನ್ನೋದು ಮುಖ್ಯ ಆಗಿತ್ತು. ಹೆಂಡತಿ ಬಸುರಿ ಎಂದು ಕ್ಷೌರ ಬಿಟ್ಟವರು ನಿಮ್ಮ ಮನೆಯಲ್ಲೇ ಇರಬಹುದು. ಅಪ್ಪ ತೀರಿಕೊಂಡಾಗ ತಲೆ ಬೋಳಿಸಿ, ಆಮೇಲೆ ವರ್ಷಾಬ್ದಿಕದವರೆಗೆ ಕತ್ತರಿ ಮುಟ್ಟಿಸದವರು ಇದ್ದಾರೆ. ಡಿಸೆಂಬರ್ ಬಂತೆಂದರೆ ಮಾಲೆ ಹಾಕಿದ ಅಯ್ಯಪ್ಪನ ಭಕ್ತರು 41 ದಿನ ಕೂದಲು ಗಡ್ಡ ಬಿಟ್ಟು ಆಫೀಸಿಗೆ ಬರುತ್ತಾರೆ. ಯಾವ ಮ್ಯಾನೇಜರೂ ಏನೂ ಅನ್ನುವುದಿಲ್ಲ. "ಸ್ವಾಮಿ" ಎಂದೇ ಕರೆಯುತ್ತಾರೆ.

ಹರಕೆಯ ಮುಡಿ ನೋಡಿ. ಮಗನಿಗೆ ಹುಷಾರಾದರೆ ಮುಡಿ ಕೊಡ್ತೀನಿ ಎಂದು ಹೇಳಿಕೊಂಡ ಗಂಡಸು ವರ್ಷಗಟ್ಟಲೆ ಕೂದಲು ಬಿಡುತ್ತಾನೆ. ಊರಲ್ಲಿ ಎಲ್ಲರಿಗೂ ಗೊತ್ತು, ಅದು ಮಾದಪ್ಪನ ಕೂದಲು, ಮಂಜುನಾಥನ ಕೂದಲು. ಆಮೇಲೆ ಒಂದು ದಿನ ನಂಜನಗೂಡಿನ ಕಪಿಲೆಯ ದಡದಲ್ಲೋ, ಧರ್ಮಸ್ಥಳದಲ್ಲೋ, ತಿರುಪತಿಯ ಕಲ್ಯಾಣಕಟ್ಟೆಯಲ್ಲೋ ಕುಕ್ಕರುಗಾಲಲ್ಲಿ ಕೂರುತ್ತಾನೆ. ಕ್ಷೌರಿಕ ಅಂಗೈಯಲ್ಲಿ ನೀರು ತೆಗೆದು ತಲೆಗೆ ತಟ್ಟುತ್ತಾನೆ. ಕತ್ತಿ ಹಣೆಯಿಂದ ಹಿಂದಕ್ಕೆ ಹೋಗುತ್ತದೆ. ಮೂರು ನಾಲ್ಕು ನಿಮಿಷದಲ್ಲಿ ವರ್ಷಗಳ ಕೂದಲು ತೊಡೆಯ ಮೇಲೆ ಬಿದ್ದಿರುತ್ತದೆ. ಮಿಂದು ಬಂದ ಮೇಲೆ ತಣ್ಣಗೆ ಗಂಧ ಹಚ್ಚುತ್ತಾರೆ. ಅವನ ಮುಖದ ಮೇಲಿನ ಆ ಹಗುರ ನೋಡಿದವರಿಗೇ ಗೊತ್ತು.

ಬೇರೆ ಧರ್ಮಗಳಲ್ಲೂ ಈ ಎಳೆ ಕಾಣುತ್ತದೆ. ಬೈಬಲ್ಲಿನ ಹಳೇ ಒಡಂಬಡಿಕೆಯಲ್ಲಿ ನಾಜೀರ ವ್ರತ ಹಿಡಿದವನು ತಲೆಗೆ ಕತ್ತಿ ಮುಟ್ಟಿಸುವಂತಿಲ್ಲ, ಸಂಸೋನನ ಬಲವೇ ಕೂದಲಲ್ಲಿತ್ತು. ಹೊಸ ಒಡಂಬಡಿಕೆಯಲ್ಲಿ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಗಂಡಸಿಗೆ ಉದ್ದ ಕೂದಲು ಅವಮಾನ ಎನ್ನುತ್ತಾನೆ. ಒಂದೇ ಗ್ರಂಥ, ಎರಡು ಮಾತು. ಸಿಖ್ಖರ ವಿಷಯದಲ್ಲಿ ನಮ್ಮ ನಾಡಿಗೆ ಒಂದು ನಂಟು ಇದೆ. 1699ರಲ್ಲಿ ಗುರು ಗೋವಿಂದ ಸಿಂಗರು ಆನಂದಪುರದಲ್ಲಿ ಖಾಲ್ಸಾ ಎಂಬ ಸಿಖ್ ಪಂಥ ಕಟ್ಟಿದಾಗ ತಲೆ ಕೊಡಲು ಮುಂದೆ ಬಂದ ಐವರಲ್ಲಿ ಒಬ್ಬರು ಬೀದರಿನ ಭಾಯಿ ಸಾಹಿಬ್ ಸಿಂಗ್. ಅವರು ಕ್ಷೌರಿಕರ ಮನೆಯಲ್ಲಿ ಹುಟ್ಟಿದವರು ಎಂದು ಸಿಖ್ ಪರಂಪರೆ ಹೇಳುತ್ತದೆ. ಕತ್ತಿ ಹಿಡಿಯುವ ಮನೆಯ ಮಗ, ಕೂದಲಿಗೆ ಎಂದೂ ಕತ್ತಿ ಮುಟ್ಟಿಸದ ಪಂಥದ ಮೊದಲಿಗರಲ್ಲಿ ಒಬ್ಬರಾದರು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಯಾರ ಸಲುವಾಗಿ ಬಿಟ್ಟೆ ಅನ್ನೋ ಇದೇ ಪ್ರಶ್ನೆಯನ್ನು ನಮ್ಮ ಕಾನೂನೂ ಕೇಳುತ್ತದೆ. ವಾಯುಪಡೆಯ ನಿಯಮದಲ್ಲಿ, ಯಾರ ಧರ್ಮ ಕೂದಲು ತೆಗೆಯುವುದನ್ನೇ ನಿಷೇಧಿಸುತ್ತದೋ ಅವರಿಗೆ ಮಾತ್ರ ವಿನಾಯಿತಿ. 2016ರ ಡಿಸೆಂಬರಿನಲ್ಲಿ ಮುಸ್ಲಿಂ ಸಿಬ್ಬಂದಿಯೊಬ್ಬರ ಗಡ್ಡದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನೇ ಎತ್ತಿಹಿಡಿಯಿತು. "ನನಗೆ ಇಷ್ಟ" ಅನ್ನೋದಕ್ಕೆ ಅಲ್ಲಿ ಜಾಗ ಇಲ್ಲ.

ಹಾಗಾದರೆ ಗಿಡ್ಡ ಕೂದಲೇ ಸಭ್ಯ ಅನ್ನೋದು ಎಲ್ಲಿಂದ ಬಂತು? ಸ್ಕೂಲು, ಪಲ್ಟನ್ನು, ಕಚೇರಿಯಿಂದ. ನಮ್ಮಲ್ಲಿ ಬ್ರಿಟಿಷರ ಕಾಲದಲ್ಲಿ ಇಂಗ್ಲಿಷ್ ಓದಿನ ಜೊತೆಗೆ ಕ್ರಾಪು ಬಂತು. ಇದು ನಮ್ಮೊಬ್ಬರ ಕಥೆ ಅಲ್ಲ. ಜಪಾನಿನಲ್ಲಿ 1871ರಲ್ಲಿ ಸಮುರಾಯಿಗಳು, ಅಂದರೆ ಅಲ್ಲಿನ ಯೋಧರು, ಜುಟ್ಟು ತೆಗೆಸಬಹುದು ಎಂದು ಸರ್ಕಾರವೇ ಆಜ್ಞೆ ಹೊರಡಿಸಿತು. ಕೊರಿಯಾದಲ್ಲಿ 1895ರಲ್ಲಿ ಜುಟ್ಟು ತೆಗೆಸಲೇಬೇಕು ಎಂಬ ಆಜ್ಞೆ ಬಂದಾಗ ಜನ ದಂಗೆ ಎದ್ದರು. ಅಪ್ಪ ಅಮ್ಮ ಕೊಟ್ಟ ಮೈಯ ಕೂದಲನ್ನು ಕತ್ತರಿಸುವುದು ಅವರಿಗೆ ಹೆತ್ತವರಿಗೆ ಮಾಡುವ ಅಪಚಾರ. ಚೀನಾದ ಕಥೆ ಇನ್ನೂ ವಿಚಿತ್ರ. 1645ರಲ್ಲಿ, ಹೊರಗಿನಿಂದ ಬಂದು ಚೀನಾ ಗೆದ್ದ ಮಂಚು ಅರಸರು ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡದಿದ್ದರೆ ತಲೆ ತೆಗೆಯುತ್ತೇವೆ ಎಂದರು. ಎಷ್ಟೋ ಜನ ಸತ್ತರು. ಎರಡೂವರೆ ಶತಮಾನ ಆದಮೇಲೆ, 1911ರ ಕ್ರಾಂತಿಯ ಹೊತ್ತಿಗೆ ಅದೇ ಜಡೆ ಕತ್ತರಿಸಿ ಎಂದಾಗ ಹಳ್ಳಿಯ ಮುದುಕರು ಜಡೆ ಹಿಡಿದುಕೊಂಡು ಅತ್ತರು. ಅಷ್ಟರಲ್ಲಿ ಅದು ಅವರದ್ದೇ ಸಂಪ್ರದಾಯ ಆಗಿಹೋಗಿತ್ತು.

ಆಮೇಲೆ ಬಂದದ್ದು ಹಿಪ್ಪಿ ಕಾಲ. ನಿಮ್ಮ ದೊಡ್ಡಪ್ಪನ ವಯಸ್ಸು 65ರ ಆಸುಪಾಸು ಇದ್ದರೆ ಅವರ ಮನಸ್ಸಿನಲ್ಲಿ ಕೂತಿರುವುದು ಇದೇ ಅನ್ನೋದು ನನ್ನ ಊಹೆ. 1960, 70ರ ದಶಕದಲ್ಲಿ ಉದ್ದ ಕೂದಲು ಅಂದರೆ ಗಾಂಜಾ, ಓದು ಬಿಟ್ಟವನು, ಅಪ್ಪ ಅಮ್ಮನ ಮಾತು ಕೇಳದವನು ಅನ್ನೋ ಅರ್ಥ ಬಂದುಬಿಟ್ಟಿತು. ಸಿಂಗಪುರದ ಸರ್ಕಾರಿ ಕಚೇರಿಗಳಲ್ಲಿ, ಉದ್ದ ಕೂದಲಿನ ಗಂಡಸರ ಕೆಲಸ ಕೊನೆಯಲ್ಲಿ ಮಾಡಿಕೊಡಲಾಗುವುದು ಎಂದು ಚಿತ್ರ ಸಮೇತ ಬೋರ್ಡು ಹಾಕಿದ್ದರು. ನಾನು ಓದಿದ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ಪ್ರಾರ್ಥನೆಯ ಸಾಲಿನಲ್ಲಿ ಹಿಂದಿನಿಂದ ಬಂದು ಕತ್ತಿನ ಕೂದಲು ಹಿಡಿದು ನೋಡುತ್ತಿದ್ದರು. ಬೆರಳಿಗೆ ಸಿಕ್ಕಿತೋ, ನೇರ ಮನೆಗೆ. ಒಮ್ಮೆ ನನ್ನ ಪಕ್ಕದ ಹುಡುಗನನ್ನು ಕಳಿಸಿದರು. ಅದು ಅವನ ಹರಕೆಯ ಕೂದಲು. ತಂಗಿಗೆ ಮೈಲಿಬೇನೆ ಆದಾಗ ಅವರಮ್ಮ ಹೇಳಿಕೊಂಡದ್ದು. ಅವನು ಹೇಳಲು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಮುಂದಿನ ಸಾಲಿಗೆ ಹೋಗಿದ್ದರು. ಅವನು ವಾಪಸ್ ಬಂದದ್ದು ಹದಿನೈದು ದಿನ ಬಿಟ್ಟು. ಕೂದಲು ಗಿಡ್ಡ ಆಗಿತ್ತು. ಒಂದು ತರಹದ ಕೂದಲಿಗೆ ಒಂದೇ ಅರ್ಥ ಅಂತ ನಂಬಿಬಿಟ್ಟರೆ ಹೀಗೇ ಆಗುತ್ತದೆ.

ಅಲ್ಲಿಂದ ಇಲ್ಲಿಗೆ ಗಾಳಿ ಮತ್ತೆ ತಿರುಗಿದೆ. 2006ರಲ್ಲಿ ಪಾಕಿಸ್ತಾನದ ಆಗಿನ ಅಧ್ಯಕ್ಷ ಮುಷರಫ್ ಲಾಹೋರಿನ ಮೈದಾನದಲ್ಲೇ, ಆಗ ಉದ್ದ ಕೂದಲು ಬಿಟ್ಟಿದ್ದ ಕ್ರಿಕೆಟಿಗ ಧೋನಿಗೆ "ಈ ಕೂದಲು ಚೆನ್ನಾಗಿದೆ, ಕತ್ತರಿಸಬೇಡಿ" ಎಂಬ ಅರ್ಥದ ಮಾತು ಹೇಳಿದ್ದರು. ಈಗ ಕ್ಯಾನ್ಸರ್ ರೋಗಿಗಳ ವಿಗ್ಗಿಗೆ ಕೊಡಲು ಕೂದಲು ಬೆಳೆಸುವ ಹುಡುಗರಿದ್ದಾರೆ. ಸಾಮಾನ್ಯವಾಗಿ 12 ಇಂಚು ಕೇಳುತ್ತಾರೆ, ತಿಂಗಳಿಗೆ ಬೆಳೆಯುವುದು ಅರ್ಧ ಇಂಚು. ಎರಡು ವರ್ಷದ ವ್ರತ ಅದು. ನನ್ನ ಮಟ್ಟಿಗೆ ಅದೂ ಮುಡಿಯೇ.

ಇಲ್ಲಿ ಇನ್ನೆರಡು ಮಾತು ಹೇಳದೆ ಇರಲಾರೆ. ಕೂದಲು ಬಿಡುವುದು, ತೆಗೆಸುವುದು ಎಲ್ಲರ ಕೈಯಲ್ಲೂ ಇರಲಿಲ್ಲ. ನಮ್ಮ ಹಳ್ಳಿಗಳಲ್ಲಿ ದಲಿತರಿಗೆ ಕ್ಷೌರ ಮಾಡುವುದಿಲ್ಲ ಎಂದು ಬಾಗಿಲು ಹಾಕಿದ ಅಂಗಡಿಗಳ ಸುದ್ದಿ ಈಗಲೂ ಬರುತ್ತದೆ. 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರಲ್ಲಿ ದಲಿತರ ಕೂದಲು ಕತ್ತರಿಸಿದ ಕ್ಷೌರಿಕನಿಗೇ ಬಹಿಷ್ಕಾರ ಹಾಕಿದರು ಎಂದು ಪತ್ರಿಕೆಗಳಲ್ಲಿ ಬಂತು. ಹತ್ತು ಮೈಲಿ ನಡೆದು ಪೇಟೆಗೆ ಹೋಗಿ ಕಟಿಂಗ್ ಮಾಡಿಸಿಕೊಂಡು ಬರಬೇಕಾದವನಿಗೆ ಉದ್ದ ಕೂದಲು ಸ್ಟೈಲೂ ಅಲ್ಲ, ವ್ರತವೂ ಅಲ್ಲ. ಇನ್ನೊಂದು, ಸವದತ್ತಿ ಯಲ್ಲಮ್ಮನ ಸೀಮೆಯಲ್ಲಿ ಕೂದಲು ಗಂಟುಗಟ್ಟಿದರೆ "ಅಮ್ಮನ ಜಡೆ ಬಂದಿದೆ" ಎಂದು ಭಂಡಾರ ಹಚ್ಚಿ ಪೂಜೆ ಮಾಡುತ್ತಾರೆ. ಯಲ್ಲಮ್ಮನಿಗೆ ಮುಡಿಪಾಗಿ ಸೀರೆ ಉಡುವ ಜೋಗಪ್ಪಗಳಿಗೆ ಆ ಜಡೆ ಬದುಕಿನ ಗುರುತು, ಗೌರವ. ಆದರೆ ಅದೇ ಜಡೆಯನ್ನು ನೆಪ ಮಾಡಿಕೊಂಡು ಎಷ್ಟೋ ಬಡ ಮನೆಯ ಹೆಣ್ಣುಮಕ್ಕಳನ್ನು ದೇವರಿಗೆ ಬಿಟ್ಟರು. 1982ರ ದೇವದಾಸಿ ನಿಷೇಧ ಕಾಯ್ದೆ ಬರಬೇಕಾಯಿತು. ಬಾಚಿ, ತೊಳೆದು ಬಿಡಿಸಿದರೆ ಹೋಗಬಹುದಾಗಿದ್ದ ಗಂಟು ಒಬ್ಬಳ ಬದುಕನ್ನೇ ಕಟ್ಟಿಹಾಕಿತು.

ಈಗ ನಿಮ್ಮ ಮನೆಗೆ ಬರೋಣ. ಉದ್ದ ಕೂದಲು ಬಿಡುವುದು ಅಧರ್ಮ ಎಂದು ದೊಡ್ಡಪ್ಪನ ಮಾತಿನಂತೆ ಅಡ್ಡಗೆರೆ ಎಳೆಯಲು ಆಗುವುದಿಲ್ಲ. ಹಾಗೆಂದು ಅವರೊಂದಿಗೆ ವಾದಕ್ಕೆ ಕೂರಬೇಡಿ. ಶಿವನ ಉದಾಹರಣೆ ಬಿಟ್ಟುಬಿಡಿ, ಆ ಮಾತು ಎಲ್ಲ ಮನೆಯಲ್ಲೂ ಜಗಳಕ್ಕೇ ಹೋಗುತ್ತದೆ. ಸುಮ್ನೆ ಸಮಾಧಾನಕ್ಕೆ "ಹರಕೆ ಇದೆ" ಎಂದು ಸುಳ್ಳೂ ಹೇಳಬೇಡಿ. ಹರಕೆಯ ಮಾತು ಹಿರಿಯರಿಗೆ ದೊಡ್ಡದು. ಅದರ ಬದಲು ಅವರ ಅಪ್ಪನ ಕೂದಲು ಹೇಗಿತ್ತು, ಜುಟ್ಟು ತೆಗೆಸಿದ್ದು ಯಾವಾಗ, ಆಗ ಮನೆಯಲ್ಲಿ ಏನಾಯಿತು ಅಂತ ಕೇಳಿ. ನನ್ನ ಅನುಭವದಲ್ಲಿ ಈ ಪ್ರಶ್ನೆ ಕೇಳಿದರೆ ಹಿರಿಯರು ಬೈಯುವುದಿಲ್ಲ, ಕಥೆ ಹೇಳುತ್ತಾರೆ.

ಅಜ್ಜಿಯ ಕಣ್ಣೀರಿಗೆ ಬೇರೆ ಕಾರಣ ಇರಬಹುದು ಅನ್ನಿಸುತ್ತದೆ. ನೀವು ಕೂದಲು ಕಟ್ಟುತ್ತೀರಾ, ಬಿಚ್ಚಿಕೊಂಡೇ ಇರುತ್ತೀರಾ? ನಮ್ಮ ಸಂಪ್ರದಾಯದಲ್ಲಿ ಶುಭಕಾರ್ಯಕ್ಕೆ ಕೂದಲು ಕಟ್ಟಿರಬೇಕು, ಗಂಡಸಿಗೂ ಹೆಂಗಸಿಗೂ. ತಾತ ಗಂಟು ಹಾಕಿಕೊಂಡ ಮೇಲೆಯೇ ಆಚಮನಕ್ಕೆ ಕೂರುತ್ತಿದ್ದದ್ದು ಅದಕ್ಕೇ. ಕೂದಲು ಬಿಚ್ಚುವುದು ಸಾವಿನ ಮನೆಯಲ್ಲಿ. ಹೆಣದ ಹಿಂದೆ ಹೋಗುವಾಗ ಶಿಖೆ ಬಿಚ್ಚುತ್ತಿದ್ದರು. ಎಂಬತ್ತು ದಾಟಿದ ಜೀವಕ್ಕೆ, ಹೆಗಲ ಮೇಲೆ ಕೂದಲು ಹರಡಿಕೊಂಡು ಬಾಗಿಲಲ್ಲಿ ನಿಂತ ಮೊಮ್ಮಗ ಏನನ್ನು ನೆನಪಿಸುತ್ತಾನೆ ಅಂತ ಯೋಚಿಸಿ. ಹೌದೋ ಅಲ್ಲವೋ ಅವರನ್ನೇ ಕೇಳಿ. ಮದುವೆಗೆ ನಾಲ್ಕು ದಿನ ಮೊದಲೇ ಊರಿಗೆ ಹೋಗಿ. ಒಂದು ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಅಜ್ಜಿಯ ಮುಂದೆ ಕೂತು ತಲೆಗೆ ಹಚ್ಚಿಸಿಕೊಳ್ಳಿ. ಗಂಟು ಹೇಗೆ ಹಾಕಬೇಕು ಅಂತ ಅವರ ಕೈಯಲ್ಲೇ ಕಲಿಯಿರಿ.

ಇಷ್ಟಾದರೂ ದೊಡ್ಡಪ್ಪ ಒಪ್ಪದೆ, ತಂಗಿಯ ಮದುವೆಯ ಮನೆಯಲ್ಲಿ ಜಗಳ ಆಗುತ್ತದೆ ಅನ್ನಿಸಿದರೆ ತೀರ್ಮಾನ ನಿಮ್ಮದು. ನಾನಾಗಿದ್ದರೆ ತಂಗಿಯನ್ನು ಒಂದು ಮಾತು ಕೇಳುತ್ತಿದ್ದೆ. ಆ ದಿನ ಅವಳದ್ದು. ಕತ್ತರಿಸುವುದೇ ಆದರೆ ಚೆಲ್ಲಬೇಡಿ. ಭುಜ ದಾಟಿದೆ ಅಂತೀರಿ, 12 ಇಂಚು ಸಿಗಬಹುದು. ಒದ್ದೆ ಇಲ್ಲದಾಗ ಜಡೆ ಹೆಣೆದು, ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ ಕತ್ತರಿಸಿದರೆ ವಿಗ್ಗಿಗೆ ಕೊಡಬಹುದು.

ಉಳಿಸಿಕೊಳ್ಳುವುದಾದರೆ ಒಂದು ಎಚ್ಚರಿಕೆ. ಧಾರೆ ಆದಮೇಲೆ ಲಾಜಾಹೋಮಕ್ಕೆ ಪುರೋಹಿತರು "ಹುಡುಗಿಯ ಅಣ್ಣ ಎಲ್ಲಿ" ಎಂದು ಕರೆಯುತ್ತಾರೆ. ನೀವು ಹೋಮಕುಂಡದ ಪಕ್ಕ ಬಗ್ಗಿ ನಿಂತು, ತಂಗಿಯ ಬೊಗಸೆಗೆ ಅರಳು ತುಂಬಬೇಕು. ಬೆಂಕಿ ಅಲ್ಲೇ ಪಕ್ಕದಲ್ಲಿ ಇರುತ್ತದೆ, ತುಪ್ಪ ಬಿದ್ದಾಗ ಉರಿ ಮೇಲಕ್ಕೆ ಏಳುತ್ತದೆ. ಕೂದಲನ್ನು ಗಟ್ಟಿಯಾಗಿ ಗಂಟು ಹಾಕಿ, ಮೇಲೆ ಪೇಟ ಸುತ್ತಿಕೊಂಡು ಹೋಗಿ.